ಕಲಿತ ಸಿಸ್ಟರ್ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೋತ್ತರ | ಉತ್ತರಿಸುವವರು: ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮದು 60 ಹಾಸಿಗೆಯ ನರ್ಸಿಂಗ್ ಹೋಮ್. ಜಿಎನ್‌ಎಂ ಮುಗಿಸಿ ಬಂದ ಹುಡುಗಿಯರಿಗೆ ಆರು ತಿಂಗಳು ಕೂತು ಕಲಿಸುತ್ತೇವೆ. ಐಸಿಯು ಕೆಲಸ ಕೈಗೆ ಹತ್ತಿತು ಅನ್ನುವಷ್ಟರಲ್ಲಿ ದೊಡ್ಡ ಆಸ್ಪತ್ರೆಗೋ ಬೆಂಗಳೂರಿಗೋ ಹೊರಟುಬಿಡುತ್ತಾರೆ. ಎರಡು ವರ್ಷದ ಬಾಂಡ್ ಬರೆಸಿಕೊಂಡೆವು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡೆವು. ಆದರೂ ನಿಲ್ಲುತ್ತಿಲ್ಲ. ಇನ್ನೇನು ಮಾಡಬೇಕು?
– ಆಡಳಿತಾಧಿಕಾರಿ, ಹುಬ್ಬಳ್ಳಿ

ಮೊದಲು ಆ ಮಾರ್ಕ್ಸ್ ಕಾರ್ಡ್‌ಗಳನ್ನು ಕಪಾಟಿನಿಂದ ತೆಗೆದು ಅವರವರ ಕೈಗೆ ಕೊಟ್ಟುಬಿಡಿ. ಬಾಂಡ್ ಪದ್ಧತಿ ಬೇಡ, ಮೂಲ ಪ್ರಮಾಣಪತ್ರ ಇಟ್ಟುಕೊಳ್ಳಬೇಡಿ ಎಂದು ಭಾರತೀಯ ನರ್ಸಿಂಗ್ ಕೌನ್ಸಿಲ್ 2011ರಲ್ಲೇ ಹೇಳಿದೆ. ಕಾಗದ ಒತ್ತೆ ಇಟ್ಟುಕೊಂಡ ಆಸ್ಪತ್ರೆಯಲ್ಲಿ ಹುಡುಗಿ ಸೇರಿದ ದಿನದಿಂದಲೇ ಬಿಡುವ ದಿನ ಎಣಿಸುತ್ತಾಳೆ. ಆಮೇಲೆ ಅವಳ ಗೆಳತಿಯರೂ ನಿಮ್ಮ ಕಡೆ ಬರುವುದಿಲ್ಲ. ನರ್ಸಿಂಗ್ ಹಾಸ್ಟೆಲ್‌ಗಳಲ್ಲಿ ಸುದ್ದಿ ಬಹಳ ಬೇಗ ಹರಡುತ್ತದೆ.

ಇನ್ನು ಸಂಬಳ. ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಕೊಟ್ಟ ನಿರ್ದೇಶನದಂತೆ ಕೇಂದ್ರ ಸರ್ಕಾರ ಸಮಿತಿ ರಚಿಸಿತು. 200ಕ್ಕಿಂತ ಹೆಚ್ಚು ಹಾಸಿಗೆ ಇರುವ ಖಾಸಗಿ ಆಸ್ಪತ್ರೆ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ ಕೊಡಬೇಕು, 50ರಿಂದ 100 ಹಾಸಿಗೆ ಇದ್ದರೆ ಸಂಬಳ ಅದಕ್ಕಿಂತ ಶೇ 25ಕ್ಕಿಂತ ಹೆಚ್ಚು ಕಡಿಮೆ ಇರಬಾರದು, 50ಕ್ಕಿಂತ ಕಡಿಮೆ ಹಾಸಿಗೆ ಇದ್ದರೂ ತಿಂಗಳಿಗೆ 20,000 ರೂಪಾಯಿಗಿಂತ ಇಳಿಯಬಾರದು ಎಂದು ಆ ಸಮಿತಿ ಶಿಫಾರಸು ಮಾಡಿತು. ನೀವು ಎರಡನೆಯ ಗುಂಪಿನವರು. ನಿಮ್ಮ ಪಗಾರ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಎಷ್ಟು ಕೊಟ್ಟರೂ ಸರ್ಕಾರಿ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಆಸ್ಪತ್ರೆಯಲ್ಲಿ ಕಾಯಂ ಹುದ್ದೆ ಕರೆದಾಗ ಕೆಲವರು ಹೋಗಿಯೇ ಹೋಗುತ್ತಾರೆ. ಅವರನ್ನು ಸಂತೋಷದಿಂದ ಕಳಿಸಿ, ಎಕ್ಸ್‌ಪೀರಿಯನ್ಸ್ ಲೆಟರ್ ಅದೇ ವಾರ ಕೊಡಿ.

ನಾನು ಹೆಚ್ಚು ಹೇಳಬೇಕಾದದ್ದು ಡ್ಯೂಟಿ ಪಟ್ಟಿಯ ಬಗ್ಗೆ. ನರ್ಸಿಂಗ್ ಸ್ಟೇಷನ್ನಿನ ಗೋಡೆಗೆ ಅಂಟಿಸಿದ ಆ ಒಂದು ಹಾಳೆಯನ್ನು ಇವತ್ತು ಹೋಗಿ ನೋಡಿ. ಪೆನ್ಸಿಲ್‌ನಲ್ಲಿ ಬರೆದು, ಅಳಿಸಿ, ಮತ್ತೆ ಬರೆದಿರುತ್ತದೆಯೇ? ಭಾನುವಾರ ರಾತ್ರಿ ಅಂಟಿಸಿ ಸೋಮವಾರ ಬೆಳಿಗ್ಗೆಯಿಂದಲೇ ಜಾರಿ ಮಾಡುತ್ತೀರಾ? ನವಲಗುಂದದಿಂದ ಬಂದ ಹುಡುಗಿಗೆ ಅಕ್ಕನ ಸೀಮಂತಕ್ಕೆ ಹೋಗಲಾಗುತ್ತದೋ ಇಲ್ಲವೋ ಎನ್ನುವುದು ಹಿಂದಿನ ದಿನದವರೆಗೂ ಗೊತ್ತಿರುವುದಿಲ್ಲ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ದುಡಿದು ಆಗತಾನೆ ಮಲಗಿದವಳಿಗೆ, "ಯಾರೋ ಬಂದಿಲ್ಲ, ಎರಡಕ್ಕೆ ಬಾ" ಎಂದು ಫೋನ್ ಹೋಗುತ್ತದೆ. ಇದು ಮೂರು ಸಲ ಆದರೆ ನಾಲ್ಕನೆಯ ಸಲ ಅವಳ ಫೋನ್ ಸ್ವಿಚ್ ಆಫ್ ಇರುತ್ತದೆ, ಆಮೇಲೆ ರಾಜೀನಾಮೆ ಬರುತ್ತದೆ. ಪಟ್ಟಿಯನ್ನು ನಾಲ್ಕು ವಾರ ಮೊದಲೇ ಹಾಕಿ. ಅದಲು ಬದಲು ಮಾಡಿಕೊಳ್ಳಲು ಒಂದು ರಿಜಿಸ್ಟರ್ ಇಡಿ. ಕೊಟ್ಟ ವೀಕ್ಲಿ ಆಫ್ ಅನ್ನು ಫೋನ್‌ನಲ್ಲಿ ಕಿತ್ತುಕೊಳ್ಳಬೇಡಿ. ಇದಕ್ಕೆ ಜನ ಸಾಲುವುದಿಲ್ಲ ಅನ್ನುತ್ತೀರಿ, ಗೊತ್ತು. ರಜೆಗೆಂದೇ ಶೇ 30ರಷ್ಟು ಹೆಚ್ಚುವರಿ ನರ್ಸ್‌ಗಳಿರಬೇಕು ಎಂದು ನರ್ಸಿಂಗ್ ಕೌನ್ಸಿಲ್ ಹೇಳುವುದು ಇದಕ್ಕಾಗಿಯೇ. ಬೋಧನಾ ಆಸ್ಪತ್ರೆಯಲ್ಲದ ಕಡೆ ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗೆ ಒಬ್ಬ ನರ್ಸ್ ಇರಬೇಕು ಎನ್ನುವುದೂ ಕೌನ್ಸಿಲ್‌ನದೇ ಅಳತೆ.

ಖರ್ಚಾಯಿತು ಅನ್ನಿಸಿದರೆ ಇದನ್ನೂ ನೋಡಿ. ಅಮೆರಿಕದ ಲಿಂಡಾ ಏಕೆನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಅವಳು ಬಳಲಿ ಕೈಚೆಲ್ಲುವ ಸಂಭವ ಶೇ 23ರಷ್ಟು ಹೆಚ್ಚುತ್ತಿತ್ತು. ಶಸ್ತ್ರಚಿಕಿತ್ಸೆಯಾದ ರೋಗಿ 30 ದಿನದೊಳಗೆ ತೀರಿಕೊಳ್ಳುವ ಸಂಭವವೂ ಶೇ 7ರಷ್ಟು ಏರುತ್ತಿತ್ತು.

ಹೊಸಬಳನ್ನು ಮೊದಲ ಮೂರು ತಿಂಗಳು ರಾತ್ರಿ ಪಾಳಿಯಲ್ಲಿ ಒಬ್ಬಳನ್ನೇ ಬಿಡಬೇಡಿ. ನಾನು ಕಂಡಂತೆ, ಮೊದಲ ವರ್ಷ ಬಿಟ್ಟುಹೋದ ಹುಡುಗಿಯರಲ್ಲಿ ಬಹಳ ಮಂದಿ ಇಂಥದೊಂದು ರಾತ್ರಿ ಹೆದರಿಯೇ ಹೋದವರು.

ನಮ್ಮ ಆಸ್ಪತ್ರೆಯಲ್ಲಿ ಕೇರಳದವರು, ಮಣಿಪುರದವರು ತುಂಬಾ ಜನ ಇದ್ದಾರೆ. ಕೆಲಸದಲ್ಲಿ ಚುರುಕು. ಆದರೆ ರೋಗಿಗಳ ಕಡೆಯವರು "ಇವರಿಗೆ ಮಾತೇ ತಿಳಿಯುವುದಿಲ್ಲ" ಎಂದು ಜಗಳಕ್ಕೆ ಬರುತ್ತಾರೆ. ಅವರೂ ಬೇಸತ್ತು ಹೋಗುತ್ತಾರೆ.
– ನರ್ಸಿಂಗ್ ಸೂಪರಿಂಟೆಂಡೆಂಟ್, ಧಾರವಾಡ

ಅವರಿಗೆ ಯಾರು ಕನ್ನಡ ಕಲಿಸಿದರು, ಮೇಡಂ? ಮೊಬೈಲಿನಲ್ಲಿ "ಎದೆ ನೋವು ಇದೆಯಾ" ಎಂದು ಕಲಿತು ಬಂದವಳ ಮುಂದೆ ಕಲಘಟಗಿಯ ಅಜ್ಜಿ "ಎದಿ ಹಿಡದೈತ್ರಿ, ದಮ್ಮ ಹತ್ತೈತಿ, ಕಣ್ಣಿಗೆ ಕತ್ತಲಿ ಬಂದಂಗ ಆಗಾಕತ್ತೈತಿ" ಅಂದರೆ ಅವಳಿಗೆ ಏನು ತಿಳಿಯಬೇಕು? ಆ ಮೂರು ಮಾತಿನಲ್ಲಿ ಹೃದಯಾಘಾತದ ಲಕ್ಷಣವೇ ಇರಬಹುದು. ಇದು ರೋಗಿಯ ಪ್ರಾಣದ ವಿಷಯ. ಹಾಗಾಗಿ ಕನ್ನಡ ಪಾಠ ಡ್ಯೂಟಿಯ ಹೊತ್ತಿನಲ್ಲೇ ನಡೆಯಬೇಕು, ಅವರ ನಿದ್ದೆಯ ಹೊತ್ತಿನಲ್ಲಿ ಬೇಡ. ಪಾಠ ಹೇಳಲು ಭಾಷಾ ಪಂಡಿತರೂ ಬೇಡ, ನಿಮ್ಮ ವಾರ್ಡಿನ ಹಿರಿಯ ಆಯಾ ಸಾಕು. ನಮ್ಮ ಕಡೆ ಜನ ನೋವು, ತ್ರಾಸು, ಭೇದಿ, ಮುಟ್ಟು ಎಲ್ಲವನ್ನೂ ಹೇಗೆ ಹೇಳುತ್ತಾರೆ ಎನ್ನುವುದು ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಅವರಿಗೂ ಅದಕ್ಕೊಂದು ಭತ್ಯೆ ಕೊಡಿ.

ಕಡೆಯವರು ಕೂಗಾಡಿದಾಗ ನೀವು ಎಲ್ಲಿ ನಿಂತಿರುತ್ತೀರಿ ಎನ್ನುವುದನ್ನು ಆ ಹುಡುಗಿಯರು ಗಮನಿಸುತ್ತಾರೆ. ಆಸ್ಪತ್ರೆ ಸಿಬ್ಬಂದಿಯ ಮೇಲೆ ಕೈ ಮಾಡುವುದನ್ನು ಅಪರಾಧವೆಂದು ಹೇಳುವ ಕಾಯ್ದೆ ಕರ್ನಾಟಕದಲ್ಲಿ 2009ರಿಂದ ಇದೆ. ದೂರು ಕೊಡುವ ಕೆಲಸ ಆಸ್ಪತ್ರೆಯದಾಗಬೇಕು. ಪೊಲೀಸ್ ಠಾಣೆಗೆ ಆ ಹುಡುಗಿ ಒಬ್ಬಳೇ ಹೋಗುವಂತಾಗಬಾರದು.

ರಜೆಯ ಲೆಕ್ಕ ಬೇರೆ ಮಾಡಿ. ಹುಬ್ಬಳ್ಳಿಯಿಂದ ಕೇರಳದ ಕೊಚುವೇಲಿಗೆ (ಈಗಿನ ತಿರುವನಂತಪುರಂ ನಾರ್ತ್) ನೇರ ರೈಲು ವಾರಕ್ಕೊಂದೇ. ಮೂರು ದಿನ ರಜೆ ಕೊಟ್ಟರೆ ಓಡಾಟಕ್ಕೇ ಮುಗಿಯಿತು. ಮಣಿಪುರದವಳಿಗಂತೂ ವರ್ಷದ ರಜೆಯೆಲ್ಲ ಕೂಡಿಸಿ ಒಂದೇ ಸಲ ಕೊಡಬೇಕು. ಮೆಸ್ಸಿನಲ್ಲಿ ರೊಟ್ಟಿಯ ಜೊತೆ ಕುಚಲಕ್ಕಿ ಅನ್ನವೂ ಇರಲಿ. ಹೊರರಾಜ್ಯದವರ ನೋಂದಣಿಯನ್ನು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ಗೆ ತರುವ ಓಡಾಟವನ್ನು ನಿಮ್ಮ ಕಚೇರಿಯೇ ಮಾಡಿಕೊಡಲಿ. ಕೊನೆಯದಾಗಿ ಒಂದು ಪ್ರಶ್ನೆ: ಅವರಲ್ಲಿ ಎಷ್ಟು ಜನ ವಾರ್ಡ್ ಇನ್‌ಚಾರ್ಜ್ ಆಗಿದ್ದಾರೆ? ಒಬ್ಬರೂ ಇಲ್ಲದಿದ್ದರೆ, ಅವರು ಹೋಗುವುದಕ್ಕೆ ಅದೊಂದೇ ಕಾರಣ ಸಾಕು.

ಬಿಎಸ್‌ಸಿ ನರ್ಸಿಂಗ್ ಮುಗಿದು ಮೂರು ವರ್ಷವಾಯಿತು. ಜರ್ಮನಿಯ ಕೆಲಸಕ್ಕೆ ಏಜೆಂಟ್ ಒಬ್ಬರು ನಾಲ್ಕು ಲಕ್ಷ ಕೇಳುತ್ತಿದ್ದಾರೆ. ಹೋಗಲೇ?
– ಸ್ಟಾಫ್ ನರ್ಸ್, ನವನಗರ

ಹೋಗಬೇಕೆಂದಿದ್ದರೆ ಹೋಗು, ತಂಗಿ. ಆದರೆ ಆ ಏಜೆಂಟನ ಮೂಲಕ ಬೇಡ. ನೋಂದಾಯಿತ ಏಜೆಂಟ್ ನಿನ್ನಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. ನಾಲ್ಕು ಲಕ್ಷ ಕೇಳಿದನೆಂದರೆ ಅಲ್ಲಿಗೇ ಮಾತು ಮುಗಿಸು. ಏಜೆಂಟನ ನೋಂದಣಿಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಸೌದಿ, ಕುವೈತ್‌ನಂಥ ದೇಶಗಳಿಗಂತೂ 2015ರಿಂದ ನರ್ಸ್‌ಗಳ ನೇಮಕಾತಿ ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗಬೇಕು. ಕೇರಳದ ನೋರ್ಕಾ ರೂಟ್ಸ್ ಇಂಥದ್ದೇ ಸಂಸ್ಥೆ. ಜರ್ಮನಿಗೆ ಜರ್ಮನ್ ಭಾಷೆ ಬೇಕೇ ಬೇಕು. ಬಿ2 ಹಂತ ಮುಟ್ಟಲು ತಿಂಗಳುಗಟ್ಟಲೆ ಶ್ರಮ ಪಡಬೇಕು. ನಿನ್ನ ಪದವಿಗೆ ಅಲ್ಲಿ ಪೂರ್ತಿ ಮಾನ್ಯತೆ ಸಿಗುವವರೆಗೆ ಸಹಾಯಕಿಯ ಸಂಬಳದಲ್ಲಿ ದುಡಿಯಬೇಕಾಗುತ್ತದೆ. ಇದನ್ನು ಏಜೆಂಟರು ಹೇಳುವುದಿಲ್ಲ.

ಹುಬ್ಬಳ್ಳಿಯವಳು, ಈಗ ಇಂಗ್ಲೆಂಡಿನ ಎನ್‌ಎಚ್‌ಎಸ್ ಆಸ್ಪತ್ರೆಯೊಂದರಲ್ಲಿ ವಾರ್ಡ್ ಮ್ಯಾನೇಜರ್. ಭಾರತದಿಂದ ಬಂದ ನರ್ಸ್‌ಗಳು ಎರಡು ಮೂರು ವರ್ಷಕ್ಕೆ ಆಸ್ಟ್ರೇಲಿಯಾಕ್ಕೆ ಹೊರಡುತ್ತಾರೆ. ಇಲ್ಲಿ ಸಂಬಳ ಇದೆ, ರಜೆ ಇದೆ. ಆದರೂ ಯಾಕೆ?
– ಬರ್ಮಿಂಗ್‌ಹ್ಯಾಮ್

ನಿಮಗೆ ಉತ್ತರ ಗೊತ್ತಿದೆ, ನೀವೂ ಅದೇ ದಾರಿಯಲ್ಲಿ ಬಂದವರು. ಇಲ್ಲಿ ಹತ್ತು ವರ್ಷ ಐಸಿಯು ನಡೆಸಿದವಳು ಅಲ್ಲಿ ಮೊನ್ನೆ ಕಾಲೇಜು ಮುಗಿಸಿದವರ ಜೊತೆ ಬ್ಯಾಂಡ್ 5 ಎಂಬ ಆರಂಭದ ಶ್ರೇಣಿಯಲ್ಲಿ ನಿಲ್ಲುತ್ತಾಳೆ. ಸಾವಿರಾರು ಸಲ ಕ್ಯಾನುಲಾ ಹಾಕಿದ ಕೈಗೆ, ಮತ್ತೊಮ್ಮೆ ತರಬೇತಿ ಮುಗಿಸಿ ಸಹಿ ಬೀಳುವವರೆಗೆ ಸೂಜಿ ಮುಟ್ಟುವಂತಿಲ್ಲ. ನಿಯಮ ನಿಯಮವೇ, ಆದರೆ ಆ ಸಹಿಯನ್ನು ಆರು ತಿಂಗಳು ಎಳೆಯಬೇಕಿಲ್ಲ. ಬಂದ ಮೊದಲ ತಿಂಗಳಲ್ಲೇ ಅವಳನ್ನು ಕೂರಿಸಿಕೊಂಡು ಹಿಂದಿನ ಅನುಭವವನ್ನೆಲ್ಲ ಬರೆದುಕೊಳ್ಳಿ, ಬ್ಯಾಂಡ್ 6ಕ್ಕೆ ಯಾವಾಗ ಅರ್ಜಿ ಹಾಕಬಹುದು ಎಂದು ದಿನಾಂಕ ಸಮೇತ ಹೇಳಿ. ಮನೆ ಹುಡುಕಲು, ಬ್ಯಾಂಕ್ ಖಾತೆ ತೆರೆಯಲು, ಮಕ್ಕಳನ್ನು ಶಾಲೆಗೆ ಸೇರಿಸಲು ಜೊತೆಗೆ ಒಬ್ಬರು ಇರಲಿ. ಗಂಡನಿಗೆ ಕೆಲಸ ಸಿಕ್ಕಿ, ಮಕ್ಕಳು ಶಾಲೆಗೆ ಹೊಂದಿಕೊಂಡರೆ ಅರ್ಧಕ್ಕರ್ಧ ಜನ ಊರು ಬಿಡುವ ಯೋಚನೆ ಮಾಡುವುದಿಲ್ಲ.

ಹೆಂಡತಿ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಮಗುವಿಗೆ ಒಂದು ವರ್ಷ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಕೆಲಸ ಬಿಡುತ್ತೇನೆ ಅನ್ನುತ್ತಿದ್ದಾಳೆ. ಏನು ಮಾಡಲಿ?
– ಗೋಕುಲ ರಸ್ತೆ, ಹುಬ್ಬಳ್ಳಿ

ಬಿಡುವ ಮೊದಲು ಒಂದು ಅರ್ಜಿ ಕೊಡಲಿ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಲೇಬೇಕು ಎನ್ನುವುದು 2017ರಿಂದ ಕಾನೂನಿನಲ್ಲಿದೆ. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಎಂದೂ ಇದೆ. ಒಬ್ಬರೇ ಕೇಳುವುದು ಬೇಡ. ಸಣ್ಣ ಮಕ್ಕಳಿರುವ ಎಲ್ಲ ಸಹೋದ್ಯೋಗಿಗಳ ಸಹಿ ಹಾಕಿಸಿ ಕೊಡಲಿ, ಪ್ರತಿಗೆ ಆಸ್ಪತ್ರೆಯ ಮೊಹರು ಹಾಕಿಸಿಕೊಳ್ಳಲಿ. ನೀವೂ ನಿಮ್ಮ ಕಚೇರಿಯಲ್ಲಿ ಪಾಳಿ ಬದಲಿಸಿಕೊಳ್ಳಲಾಗುತ್ತದೆಯೇ ಕೇಳಿ, ಮಗು ಇಬ್ಬರದೂ ಹೌದಲ್ಲವೇ? ಆಸ್ಪತ್ರೆ ನಡೆಸುವವರು ಈ ಪತ್ರ ಓದುತ್ತಿದ್ದರೆ ಅವರಿಗೂ ನನ್ನ ಕಳಕಳಿಯ ವಿನಂತಿ: ಒಂದು ಕೋಣೆ, ಎರಡು ತೊಟ್ಟಿಲು, ಒಬ್ಬ ಆಯಾಗೆ ಜಾಗ ಮಾಡಿಕೊಡಿ.