ಯೂಕಿ ನಾಗಾಸಾತೊ: ತಪ್ಪಿದ ಒಂದು ಒದೆತವೂ ಅನಂತರದ ವರ್ಷಗಳೂ

ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಈಗಿನ ಹುಡುಗಿಯರ ತಂದೆತಾಯಿಗಳಿಗೂ ಈ ಸಂಚಿಕೆಯಲ್ಲಿ ಒಂದು ಪಾಠವನ್ನು ಒಪ್ಪಿಸುತ್ತೇವೆ. ಇದು ಪುಸ್ತಕದ ಪಾಠವಲ್ಲ, ಆಟದ ಬಯಲಿನದು. ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಗಣಿತ ಒಂದರಲ್ಲಿ ತಪ್ಪಿದಳು. ಇನ್ನೊಂದು ಸಲ ಕುಳಿತರೆ ತೇರ್ಗಡೆಯಾಗುವಳೆಂದು ನಾವು ಎಷ್ಟು ಹೇಳಿದರೂ ಮನೆಯವರು ಒಪ್ಪಲಿಲ್ಲ. ಓದು ಬಿಡಿಸಿ ಕರೆದುಕೊಂಡು ಹೋದರು. ಆ ದಿನ ನಮ್ಮ ಮಾತು ಸಾಲದೆ ಹೋಯಿತೆಂಬ ವ್ಯಥೆ ನಮಗೆ ಇಂದಿಗೂ ಇದೆ. ಬುದ್ಧಿವಾದಕ್ಕಿಂತ ನಡೆದ ಚರಿತ್ರೆಯೇ ಮನಸ್ಸಿಗೆ ನಾಟುವುದಾದ್ದರಿಂದ, ಜಪಾನ್ ದೇಶದ ಕಾಲ್ಚೆಂಡಾಟಗಾರ್ತಿ ಯೂಕಿ ನಾಗಾಸಾತೊ ಎಂಬಾಕೆಯ ವೃತ್ತಿಜೀವನವನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಆಟದ ವಿಷಯ. ಕಾಲ್ಚೆಂಡಿನಲ್ಲಿ ಒಂದೊಂದು ಪಕ್ಷಕ್ಕೆ ೧೧ ಮಂದಿ. ಅವರಲ್ಲಿ ಎಲ್ಲರಿಗಿಂತ ಮುಂದೆ ನಿಂತು, ಎದುರು ಪಕ್ಷದವರ ಗೋಲಿನೊಳಕ್ಕೆ ಚೆಂಡನ್ನು ಹೊಡೆಯತಕ್ಕ ಹೊಣೆಯುಳ್ಳವಳು ಮುಂಚೂಣಿಯ ಆಟಗಾರ್ತಿ. ಹಿಂದೆ ನಿಂತವರ ಶ್ರಮ ನೋಡುವವರ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಮುಂದೆ ನಿಂತವಳ ತಪ್ಪಾದರೋ ಎಲ್ಲರಿಗೂ ಕಾಣುತ್ತದೆ. ನಾಗಾಸಾತೊ ಆಡಿದ್ದು ಈ ಸ್ಥಾನದಲ್ಲಿ.

ಈಕೆ ೧೯೮೭ನೆಯ ಜುಲೈ ೧೫ರಂದು ಕಾನಾಗಾವ ಪ್ರಾಂತದ ಅತ್ಸುಗಿ ಎಂಬ ಊರಿನಲ್ಲಿ ಹುಟ್ಟಿದಳು. ಚಿಕ್ಕಂದಿನಲ್ಲಿ ಅಣ್ಣನೊಡನೆ ಚೆಂಡಾಡಿ ಬೆಳೆದವಳು. ಮುಂದೆ ಟೋಕಿಯೋ ನಗರದ ಬೆಲೆಜ಼ಾ ಎಂಬ ಹೆಂಗಸರ ತಂಡವನ್ನು ಸೇರಿ, ೨೦೦೪ರ ಏಪ್ರಿಲಿನಲ್ಲಿ, ೧೬ ವರ್ಷದ ಹುಡುಗಿಯಾಗಿದ್ದಾಗಲೇ, ತನ್ನ ದೇಶದ ತಂಡದಲ್ಲಿ ಮೊದಲ ಸಲ ಆಡಿದಳು. ಆ ತಂಡಕ್ಕೆ ಜಪಾನೀಯರು ನಾದೆಶಿಕೊ ಎಂಬ ಹೂವಿನ ಹೆಸರನ್ನಿಟ್ಟಿದ್ದಾರೆ. ಹೂವಿನ ಹೆಸರಿದ್ದರೂ ಆಟಗಾರ್ತಿಯರ ಜೀವನ ಹೂವಿನ ಹಾಸಿಗೆಯಾಗಿರಲಿಲ್ಲ. ಜಪಾನಿನಲ್ಲಿ ಹೆಂಗಸರ ಲೀಗ್ ೧೯೮೯ರಲ್ಲಿಯೇ ಪ್ರಾರಂಭವಾಗಿದ್ದರೂ, ಅದರಲ್ಲಿ ಆಡುತ್ತಿದ್ದ ಅನೇಕರು ಹಗಲೆಲ್ಲ ಬೇರೆ ಉದ್ಯೋಗ ಮಾಡಿ ಆಮೇಲೆ ಅಭ್ಯಾಸಕ್ಕೆ ಬರಬೇಕಾಗಿತ್ತು. ಆಟವನ್ನೇ ವೃತ್ತಿಯಾಗಿ ನಡೆಸತಕ್ಕ ಹೆಂಗಸರ ಲೀಗ್ ಆ ದೇಶದಲ್ಲಿ ಆರಂಭವಾದದ್ದು ೨೦೨೧ರಲ್ಲಿ.

೨೦೧೦ರ ಹೊತ್ತಿಗೆ ನಾಗಾಸಾತೊ ಜರ್ಮನಿಗೆ ಹೋಗಿ, ಬರ್ಲಿನ್ ನಗರದ ಬಳಿಯ ಪಾಟ್ಸ್‌ಡಾಮಿನಲ್ಲಿರುವ ಟರ್ಬೀನೆ ತಂಡವನ್ನು ಸೇರಿದಳು. ಭಾಷೆ ಬೇರೆ, ಊಟ ಬೇರೆ, ಆಟದ ರೀತಿಯೂ ಬೇರೆ. ಆದರೂ ಆ ವರ್ಷದ ಮೇ ತಿಂಗಳಲ್ಲಿ ಟರ್ಬೀನೆ ತಂಡವು ಫ್ರಾನ್ಸಿನ ಲಿಯೋನ್ ತಂಡವನ್ನು ಸೋಲಿಸಿ ಯೂರೋಪಿನ ಚಾಂಪಿಯನ್ಸ್ ಲೀಗನ್ನು ಗೆದ್ದಾಗ ಈಕೆಯೂ ಆ ತಂಡದವಳಾಗಿದ್ದಳು.

ಮರುವರ್ಷ, ೨೦೧೧ರ ಮಾರ್ಚ್ ೧೧ರಂದು, ಜಪಾನಿನ ಈಶಾನ್ಯ ಭಾಗದಲ್ಲಿ ಮಹಾ ಭೂಕಂಪವಾಗಿ ಸಮುದ್ರವು ಉಕ್ಕಿ ಊರುಗಳನ್ನೇ ಕೊಚ್ಚಿಕೊಂಡು ಹೋಯಿತು. ಸಾವಿರಾರು ಜನರು ಮಡಿದರು. ಆ ದುಃಖ ಇನ್ನೂ ಹಸಿಯಾಗಿರುವಾಗಲೇ ಜೂನ್ ತಿಂಗಳಲ್ಲಿ ನಾದೆಶಿಕೊ ತಂಡವು ವಿಶ್ವಕಪ್ ಪಂದ್ಯಗಳಿಗಾಗಿ ಜರ್ಮನಿಗೆ ಬಂದಿತು. ಮೊದಲನೆಯ ಪಂದ್ಯ ನ್ಯೂಜಿಲೆಂಡಿನೊಡನೆ. ಆರಂಭವಾಗಿ ೬ನೆಯ ನಿಮಿಷದಲ್ಲಿಯೇ ನಾಗಾಸಾತೊ ಗೋಲು ಹೊಡೆದಳು. ಇದಕ್ಕಿಂತ ಒಳ್ಳೆಯ ಆರಂಭವು ಯಾರಿಗೆ ಬೇಕು?

ಆದರೆ ಮುಂದೆ ನಡೆದದ್ದನ್ನು ನೋಡಿರಿ. ಜರ್ಮನಿಯೊಡನೆ ಆಡಿದ ಎಂಟರ ಘಟ್ಟದ ಪಂದ್ಯದಲ್ಲಿ ಅರ್ಧ ಆಟವಾದ ಮೇಲೆ ಈಕೆಯನ್ನು ಹೊರಗೆ ಕೂರಿಸಿ, ಕಾರಿನಾ ಮಾರುಯಾಮ ಎಂಬಾಕೆಯನ್ನು ಇಳಿಸಿದರು. ಗೆಲುವಿನ ಗೋಲನ್ನು ಹೊಡೆದವಳು ಆ ಮಾರುಯಾಮಳೇ. ಸ್ವೀಡನಿನೊಡನೆ ಆಡಿದ ಉಪಾಂತ್ಯ ಪಂದ್ಯದಲ್ಲಿ ಈಕೆಯ ಸ್ಥಾನದಲ್ಲಿ ನಾಹೊಮಿ ಕಾವಾಸುಮಿ ಎಂಬಾಕೆ ಮೊದಲಿನಿಂದಲೂ ಆಡಿ, ಎರಡು ಗೋಲು ಹೊಡೆದಳು. ತನ್ನ ಸ್ಥಾನಕ್ಕೆ ಬಂದವರೇ ಒಬ್ಬರಾದ ಮೇಲೊಬ್ಬರು ಜಯವನ್ನು ತರುವುದನ್ನು ಪಕ್ಕದಲ್ಲಿ ಕುಳಿತು ನೋಡುವುದು ಎಷ್ಟು ಕಠಿನವೆಂಬುದನ್ನು ಒಡಹುಟ್ಟಿದವರೊಡನೆ ಹೋಲಿಸಲ್ಪಟ್ಟ ಪ್ರತಿಯೊಬ್ಬ ಹುಡುಗಿಯೂ ಬಲ್ಲಳು.

ಜುಲೈ ೧೭ರಂದು ಫ್ರಾಂಕ್‌ಫರ್ಟಿನಲ್ಲಿ ಅಮೆರಿಕದವರೊಡನೆ ಅಂತಿಮ ಪಂದ್ಯ. ೬೬ನೆಯ ನಿಮಿಷದಲ್ಲಿ ನಾಗಾಸಾತೊಳನ್ನು ಬಯಲಿಗೆ ಇಳಿಸಿದರು. ಜಪಾನು ಎರಡು ಸಲ ಹಿಂದೆ ಬಿದ್ದು ಎರಡು ಸಲವೂ ಸರಿಗಟ್ಟಿತು. ಎರಡನೆಯ ಸಲ ಆ ಗೋಲನ್ನು ಹೊಡೆದವಳು ತಂಡದ ನಾಯಕಿ ಹೊಮಾರೆ ಸಾವ. ಹೆಚ್ಚಿನ ಅವಧಿ ಮುಗಿದರೂ ಆಟ ೨-೨ ಆಗಿಯೇ ಉಳಿದದ್ದರಿಂದ ಪೆನಾಲ್ಟಿ ಒದೆತಗಳಿಂದ ತೀರ್ಮಾನವಾಗಬೇಕಾಯಿತು. ಗೋಲಿನಿಂದ ೧೨ ಗಜ ದೂರದ ಗುರುತಿನ ಮೇಲೆ ಚೆಂಡನ್ನಿಟ್ಟು ಒಬ್ಬೊಬ್ಬರಾಗಿ ಒದೆಯತಕ್ಕದ್ದು. ಗೋಲಿನ ಅಗಲ ೮ ಗಜ, ಎತ್ತರ ೮ ಅಡಿ, ಕಾಯುವವಳು ಒಬ್ಬಳೇ. ಕೇಳುವುದಕ್ಕೆ ಸುಲಭ, ಒದೆಯುವವಳಿಗೆ ಹಾಗಲ್ಲ. ಜಪಾನಿನ ಪರವಾಗಿ ಎರಡನೆಯವಳಾಗಿ ಒದೆದವಳು ನಾಗಾಸಾತೊ. ಅಮೆರಿಕದ ಗೋಲುಗಾರ್ತಿ ಹೋಪ್ ಸೋಲೋ ಆ ಚೆಂಡನ್ನು ತಡೆದುಬಿಟ್ಟಳು.

ಜಪಾನಿನ ಪಕ್ಷದಲ್ಲಿ ಒದೆದ ನಾಲ್ವರಲ್ಲಿ ತಪ್ಪಿದವಳು ಈಕೆ ಒಬ್ಬಳೇ. ಅಮೆರಿಕದ ಪಕ್ಷದವರು ಮೂರು ಸಲ ತಪ್ಪಿದ್ದರಿಂದ ಜಪಾನು ೩-೧ರಿಂದ ಗೆದ್ದು, ವಿಶ್ವಕಪ್ಪನ್ನು ಪಡೆದ ಏಷ್ಯಾ ಖಂಡದ ಮೊದಲನೆಯ ದೇಶವಾಯಿತು. ಈಕೆಯ ಕೊರಳಿಗೂ ಚಿನ್ನದ ಪದಕ ಬಿದ್ದಿತು. ತಪ್ಪಿದ ಒದೆತವೂ ಈಕೆಯ ಹೆಸರಿನಲ್ಲಿಯೇ ಉಳಿಯಿತು.

ಇಲ್ಲಿಗೆ ನಿಂತಿದ್ದರೆ ಈ ಚರಿತ್ರೆಯನ್ನು ನಾವು ಬರೆಯುತ್ತಿರಲಿಲ್ಲ. ಈಕೆ ಪಾಟ್ಸ್‌ಡಾಮಿಗೆ ಹಿಂತಿರುಗಿ ಮೊದಲಿನಂತೆ ಅಭ್ಯಾಸಕ್ಕೆ ತೊಡಗಿದಳು. ೨೦೧೨ರಲ್ಲಿ ಲಂಡನ್ ಒಲಿಂಪಿಕ್ಸ್ ಕೂಟ ನಡೆಯಿತು. ಎಂಟರ ಘಟ್ಟದಲ್ಲಿ ಬ್ರೆಜಿಲಿನ ಮೇಲೆ ಒಂದು ಗೋಲು, ಉಪಾಂತ್ಯದಲ್ಲಿ ಫ್ರಾನ್ಸಿನ ಮೇಲೆ ಒಂದು ಗೋಲು, ಆಗಸ್ಟ್ ೯ರಂದು ವೆಂಬ್ಲಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಅದೇ ಅಮೆರಿಕದವರ ಮೇಲೆ ಒಂದು ಗೋಲು. ಈ ಕೊನೆಯ ಸಲ ಗೋಲು ಕಾಯುತ್ತಿದ್ದವಳು ಅದೇ ಹೋಪ್ ಸೋಲೋ! ೨೦೧೨-೧೩ರ ಋತುವಿನಲ್ಲಿ ೧೮ ಗೋಲು ಹೊಡೆದು ಜರ್ಮನಿಯ ಹೆಂಗಸರ ಲೀಗಿನಲ್ಲಿ ಎಲ್ಲರಿಗಿಂತ ಮೇಲಾದಳು. ೨೦೧೫ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ನಡೆದ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿಯೂ ಅಮೆರಿಕದವರ ಮೇಲೆ ಗೋಲು ಹೊಡೆದಳು. ಈ ವರ್ಷಗಳ ದಾಖಲೆಗಳಲ್ಲಿ ಈಕೆಯ ಹೆಸರು ವಿವಾಹದ ಹೆಸರಾದ ಓಗಿಮಿ ಎಂದಿದೆ.

ಈಗ ಓದುವವರು ಸ್ವಲ್ಪ ನಿಂತು ಲೆಕ್ಕ ಹಾಕಬೇಕು. ೨೦೧೨ರ ಅಂತಿಮ ಪಂದ್ಯದಲ್ಲಿ ಜಪಾನು ೨-೧ರಿಂದ ಸೋತಿತು. ೨೦೧೫ರಲ್ಲಿ ೫-೨ರಿಂದ ಸೋತಿತು. ಈಕೆ ತಪ್ಪಿದ ದಿನ ತಂಡವು ಗೆದ್ದಿತು. ಈಕೆ ಗೋಲು ಹೊಡೆದ ಎರಡು ದಿನಗಳಲ್ಲಿಯೂ ತಂಡವು ಸೋತಿತು. ಹಾಗಾದರೆ ಈಕೆ ಗೆದ್ದವಳೋ ಸೋತವಳೋ? ಒಂದು ದಿನದ ಫಲದಿಂದ ಒಬ್ಬ ಮನುಷ್ಯಳ ಬೆಲೆಯನ್ನು ಕಟ್ಟಲು ಹೊರಟರೆ ಲೆಕ್ಕವು ಹೀಗೆಯೇ ತಪ್ಪುತ್ತದೆ. ೨೦೦೪ರಿಂದ ೨೦೧೬ರ ವರೆಗೆ ದೇಶಕ್ಕಾಗಿ ೧೩೨ ಪಂದ್ಯ, ೫೮ ಗೋಲು: ಇದು ಹನ್ನೆರಡು ವರ್ಷಗಳ ಲೆಕ್ಕ. ತಡೆಯಲ್ಪಟ್ಟ ಆ ಒಂದು ಒದೆತವು ಇದರ ಒಂದು ಸಾಲು ಮಾತ್ರ.

ಆಮೇಲೆ ೨೦೧೭ರಲ್ಲಿ ಈಕೆ ಅಮೆರಿಕದ ಚಿಕಾಗೊ ತಂಡವನ್ನು ಸೇರಿದಳು. ಅಲ್ಲಿ ತಾನೇ ಗೋಲು ಹೊಡೆಯುವುದಕ್ಕಿಂತ, ಚೆಂಡನ್ನು ಹದವರಿತು ಜೊತೆಯವರಿಗೆ ದಾಟಿಸಿ ಗೋಲು ಹೊಡೆಸುವ ಕಲೆಯಲ್ಲಿ ಹೆಸರಾದಳು. ೨೦೧೯ರಲ್ಲಿ ಆ ತಂಡದ ಸ್ಯಾಮ್ ಕೆರ್ ೧೮ ಗೋಲು ಹೊಡೆದು ಲೀಗಿನಲ್ಲಿ ಮೊದಲನೆಯವಳಾದದ್ದರಲ್ಲಿ ನಾಗಾಸಾತೊಳ ಕಾಲಿನ ಪಾಲೂ ಉಂಟು. ತನ್ನ ಸ್ಥಾನದಲ್ಲಿ ಬೇರೆಯವರು ಗೋಲು ಹೊಡೆಯುವುದನ್ನು ಒಮ್ಮೆ ಹೊರಗೆ ಕುಳಿತು ನೋಡಿದ್ದವಳು, ಈಗ ಬಯಲಿನಲ್ಲಿಯೇ ನಿಂತು ಬೇರೆಯವರಿಗೆ ಗೋಲಿನ ದಾರಿಯನ್ನು ತೆರೆದುಕೊಟ್ಟಳು.

೨೦೨೦ರಲ್ಲಿ, ೩೩ ವರ್ಷದವಳಾಗಿದ್ದಾಗ, ಇನ್ನೊಂದು ಹೆಜ್ಜೆಯಿಟ್ಟಳು. ಚಿಕಾಗೊದಿಂದ ಕೆಲಕಾಲದ ಮಟ್ಟಿಗೆ ಹುಟ್ಟಿದ ಪ್ರಾಂತಕ್ಕೆ ಬಂದು, ಅಣ್ಣನು ಆಡುತ್ತಿದ್ದ ಹಾಯಾಬುಸ ಇಲೆವೆನ್ ಎಂಬ ಗಂಡಸರ ತಂಡದಲ್ಲಿ ಸೇರಿಕೊಂಡಳು. ಗಂಡಸರೊಡನೆ ಆಡಬೇಕೆಂಬುದು ಬಾಲ್ಯದಿಂದಲೂ ಈಕೆಯ ಬಯಕೆಯಾಗಿತ್ತು. ಅಲ್ಲಿ ಓಟದಲ್ಲಿಯೂ ಬಲದಲ್ಲಿಯೂ ತನ್ನನ್ನು ಮೀರಿಸುವವರ ನಡುವೆ ಆಡಬೇಕಾಗುವುದೆಂದು ತಿಳಿದೇ ಹೋದಳು. ಜನರೆದುರಿಗೆ ಒಮ್ಮೆ ತಪ್ಪಿಯೂ ಆಟವನ್ನು ಬಿಡದಿದ್ದವಳಿಗೆ ಇಂಥ ಧೈರ್ಯವು ಬರುತ್ತದೆ.

ತಂದೆತಾಯಿಗಳೇ, ನಿಮ್ಮ ಮಗಳು ವಿಶ್ವಕಪ್ಪನ್ನು ತರಬೇಕೆಂದು ನಾವು ಹೇಳುವುದಿಲ್ಲ. ಒಂದು ಪತ್ರಿಕೆಯಲ್ಲಿ ಕಡಮೆ ಅಂಕ ಬಂದ ದಿನ ಅವಳ ಲೆಕ್ಕವನ್ನು ಮುಗಿಸಿಬಿಡಬೇಡಿರಿ. ಎರಡನೆಯ ಸಲ ಪರೀಕ್ಷೆಗೆ ಕೂಡಿಸಿರಿ, ಅದರ ನೆಪದಿಂದ ಆಟವನ್ನೂ ಬಿಡಿಸಬೇಡಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಒಮ್ಮೆ ತಪ್ಪಿ ಮತ್ತೆ ಕುಳಿತು ತೇರ್ಗಡೆಯಾದವರು ಅನೇಕರಿದ್ದೀರಿ. ನಾಚಿಕೊಳ್ಳದೆ ಅದನ್ನು ನಿಮ್ಮ ಮಕ್ಕಳಿಗೂ ನೆರೆಹೊರೆಯ ಹುಡುಗಿಯರಿಗೂ ಹೇಳಿರಿ. ಮೊದಲು ಹೇಳಿದ ಆ ಹುಡುಗಿಯ ಮನೆಯಲ್ಲಿ ಅಂಥ ಒಬ್ಬಳು ಇದ್ದಿದ್ದರೆ ಅವಳು ನಮ್ಮ ಬಳಿಗೆ ಮರಳಿ ಬರುತ್ತಿದ್ದಳೆಂದು ನಾವು ನಂಬಿದ್ದೇವೆ.