ಅಬ್ಬಿಯ ಕಾಮನಬಿಲ್ಲು ನೋಡಲು ಕಲ್ಲುಗುಂಡಿಯಿಂದ ಯಾವಾಗ ಹೊರಡಬೇಕು?

ಮಾಣಿ–ಮೈಸೂರು ಹೆದ್ದಾರಿಯಲ್ಲಿ ಸಂಪಾಜೆ ಘಟ್ಟ ಹತ್ತುವ ಮೊದಲು ಸಿಗುವ ಪೇಟೆ ಕಲ್ಲುಗುಂಡಿ. ಇಲ್ಲಿಂದ ಸುಳ್ಯದ ಕಡೆಗೆ ಹಿಂದೆ ಬಂದು ಅರಂತೋಡಿನಲ್ಲಿ ಒಳಗೆ ತಿರುಗಿದರೆ ತೊಡಿಕಾನದ ದೇವರಗುಂಡಿ. ಘಟ್ಟ ಹತ್ತಿದರೆ ಮಡಿಕೇರಿಯ ಅಬ್ಬಿ. ಇನ್ನೂ ದೂರ ಹೋಗುವ ಮನಸ್ಸಿದ್ದರೆ ಸೋಮವಾರಪೇಟೆಯಿಂದ ಸುಮಾರು 25 ಕಿ.ಮೀ. ಆಚೆ, ಕುಮಾರಧಾರೆಯ ಮಲ್ಲಳ್ಳಿ. ಜಲಪಾತ ಎಂದಕೂಡಲೇ ಎಲ್ಲರ ಬಾಯಲ್ಲೂ ಬರುವುದು ಜುಲೈ, ಆಗಸ್ಟ್. ನೀರಿನ ಅಬ್ಬರ ನೋಡುವವರಿಗೆ ಅದು ಸರಿಯಾದ ಸಲಹೆಯೇ. ಅಬ್ಬಿಯ ಮುಂದೆ ಮೂಡುವ ಕಾಮನಬಿಲ್ಲು ನೋಡಬೇಕೆನ್ನುವವರು ಮಾತ್ರ ಆಟಿ ತಿಂಗಳನ್ನು ಬಿಟ್ಟುಬಿಡುವುದು ಒಳ್ಳೆಯದು. ಬಿಲ್ಲಿಗೆ ಬೇಕಾದ ನೀರು ಸ್ವಲ್ಪವೇ. ಬಿಸಿಲು ಮಾತ್ರ ಇರಲೇಬೇಕು, ಅದೂ ಬೆನ್ನ ಹಿಂದಿನಿಂದ ಬೀಳಬೇಕು.

ಕಾರಣ ಇಷ್ಟು. ಹನಿಯೊಳಗೆ ಹೊಕ್ಕ ಬೆಳಕು ಬಾಗಿ, ಒಳಗೋಡೆಗೆ ತಾಗಿ ಹಿಂತಿರುಗಿ, ಮತ್ತೆ ಬಾಗಿ ಹೊರಬರುತ್ತದೆ. ಹಾಗೆ ಬಂದ ಕೆಂಪು ಬೆಳಕು ನಮ್ಮ ತಲೆಯ ನೆರಳಿನ ಸುತ್ತ ಸುಮಾರು 42 ಡಿಗ್ರಿ ದೂರದಲ್ಲಿ ಕಾಣುತ್ತದೆ. ಕೈ ನೀಳವಾಗಿ ಚಾಚಿ ಬೆರಳು ಅಗಲಿಸಿದರೆ ಒಂದು ಗೇಣು ಹೆಚ್ಚುಕಡಿಮೆ 20 ಡಿಗ್ರಿ. ಹಾಗಾಗಿ ನೆರಳಿನ ತಲೆಯಿಂದ ಎರಡು ಗೇಣು ಅಳೆದರೆ ಬಿಲ್ಲು ಎಲ್ಲಿರಬೇಕೆಂದು ಗೊತ್ತಾಗುತ್ತದೆ; ಅಲ್ಲಿ ತುಂತುರೂ ಬಿಸಿಲೂ ಎರಡೂ ಇರಬೇಕು. ಸೂರ್ಯ 42 ಡಿಗ್ರಿಗಿಂತ ಮೇಲೇರಿದರೆ ಇಡೀ ಬಿಲ್ಲು ಕಣ್ಣಿನ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಕೆಳಗೆ ನಿಂತು ಅಬ್ಬಿಯನ್ನು ತಲೆಯೆತ್ತಿ ನೋಡುವವರು ತಮ್ಮ ನೆರಳು ತಮಗಿಂತ ಸ್ವಲ್ಪ ಉದ್ದ ಆಗುವವರೆಗೆ ಕಾಯಬೇಕು. ಈ ಸೀಮೆಯಲ್ಲಿ ಸೆಪ್ಟೆಂಬರ್ ಕೊನೆಗೆ ಅದು ಬೆಳಿಗ್ಗೆ ಸುಮಾರು ಒಂಬತ್ತೂಕಾಲರ ಒಳಗೆ ಅಥವಾ ಮಧ್ಯಾಹ್ನ ಮೂರೂವರೆಯ ಮೇಲೆ. ಡಿಸೆಂಬರಿನಲ್ಲಿ ಸೂರ್ಯ ತಗ್ಗಿನಲ್ಲೇ ಸಾಗುವುದರಿಂದ ಎರಡೂವರೆಗೇ ಹೊತ್ತು ಒದಗುತ್ತದೆ.

ಡಿಸೆಂಬರಿಗೆ ನೀರೆಲ್ಲಿ ಉಳಿದಿರುತ್ತದೆ ಎಂದು ಕೇಳಬಹುದು. ಕಮ್ಮಿಯಾಗಿರುತ್ತದೆ, ನಿಜ, ಬಂಡೆಗೆ ಬಡಿದು ಹನಿ ಹಾರುವಷ್ಟಿದ್ದರೆ ಸಾಕು. ಹನಿಯ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ದಪ್ಪ ಹನಿಯಲ್ಲಿ ಬಣ್ಣ ಗಾಢ. ಮಂಜಿನಂಥ ತೀರಾ ಸಣ್ಣ ಹನಿಯಲ್ಲಿ ಬಣ್ಣಗಳು ಒಂದರ ಮೇಲೊಂದು ಬಿದ್ದು ಬೆಳ್ಳನೆಯ ಪಟ್ಟಿಯಷ್ಟೇ ಉಳಿಯುತ್ತದೆ. ಮಳೆಗಾಲದ ಘಟ್ಟದಲ್ಲಿ ಅಂಥ ಮಂಜಿಗೆ ಬರವಿಲ್ಲ, ಬಿಸಿಲಿಗೆ ಬರ. ದಾರಿಯನ್ನೂ ಯೋಚಿಸಬೇಕು. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಡಿಕೇರಿ ರಸ್ತೆ ಬಂದ್ ಆಗಿತ್ತು. 2022ರ ಆಗಸ್ಟಿನಲ್ಲಿ ಪಯಸ್ವಿನಿ ಹೊಳೆ ಕಲ್ಲುಗುಂಡಿ ಪೇಟೆಗೇ ನುಗ್ಗಿತ್ತು. ಅಕ್ಟೋಬರಿಗೂ ಒಂದು ತೊಡಕಿದೆ: ಮಧ್ಯಾಹ್ನ ದಾಟಿದ ಮೇಲೆ ಗುಡುಗು ಮಳೆ ಕಟ್ಟಿಕೊಳ್ಳುವುದು ಹೆಚ್ಚು. ಎಲ್ಲ ತೂಗಿ ನೋಡಿದರೆ ನವೆಂಬರಿನಿಂದ ಡಿಸೆಂಬರ್ ನಡುವಿನವರೆಗಿನ ದಿನಗಳೇ ವಾಸಿ.

ನಡುಹಗಲಲ್ಲೂ ಬಿಲ್ಲು ಕಂಡವರಿದ್ದಾರಲ್ಲ ಎಂಬ ಆಕ್ಷೇಪಕ್ಕೆ ಜೋಗವೇ ಉತ್ತರ. ಅಲ್ಲಿ ನೋಡುಗರು ನಿಲ್ಲುವುದು 253 ಮೀಟರ್ ಆಳದ ಕಣಿವೆಯ ಅಂಚಿನಲ್ಲಿ. ಬಿಲ್ಲು ಕೆಳಗಿಳಿದರೂ ಅಲ್ಲಿ ತುಂತುರು ಇರುತ್ತದೆ, ಬಗ್ಗಿ ನೋಡಿದರಾಯಿತು. ಮಲ್ಲಳ್ಳಿಯಲ್ಲೂ ಮೆಟ್ಟಿಲಿಳಿಯುವ ಮೊದಲೇ, ಮೇಲಿನಿಂದ ಒಮ್ಮೆ ಕಣಿವೆಯತ್ತ ಕಣ್ಣು ಹಾಯಿಸುವುದು ಲೇಸು. ದಿಕ್ಕಿನ ಮಾತಿಗೆ ನಯಾಗರ ಒಳ್ಳೆಯ ಪಾಠ: ಕೆನಡಾ ದಡದಲ್ಲಿ ನಿಂತು ಮೂಡಣದ ಅಮೆರಿಕ ಜಲಪಾತವನ್ನು ನೋಡುವವರಿಗೆ ಬಿಲ್ಲು ಸಿಗುವುದು ಮಧ್ಯಾಹ್ನದ ಮೇಲೆ. ಘಟ್ಟದಿಂದ ಪಡುವಣಕ್ಕೆ ಇಳಿಯುವ ತೋಡುಗಳ ಅಬ್ಬಿಗಳೂ ಬಹುಮಟ್ಟಿಗೆ ಪಡುವಣಕ್ಕೇ ಮುಖ ಮಾಡಿರುವುದರಿಂದ ಅದೇ ಹೊತ್ತು ಹೊಂದುತ್ತದೆ. ತೋಡು ತಿರುವು ಹೊಡೆದಲ್ಲಿ ಈ ಲೆಕ್ಕ ತಪ್ಪುತ್ತದೆ. ಮಡಿಕೇರಿಯ ಅಬ್ಬಿಯ ನೀರಂತೂ ಕಾವೇರಿಯನ್ನು ಸೇರುವಂಥದ್ದು. ಮೊಬೈಲಿನ ದಿಕ್ಸೂಚಿ ನೋಡಿ ನಿಶ್ಚಯಿಸಿಕೊಳ್ಳಿ.

ತೀರಾ ಕಷ್ಟದ ಜಾಗ ಹತ್ತಿರದ್ದೇ, ದೇವರಗುಂಡಿ. ಮಲ್ಲಿಕಾರ್ಜುನ ದೇವಸ್ಥಾನದಿಂದ ಆಚೆ ಕಾಡಿನ ಹಾದಿ. ಮರಗಳು ಮುಚ್ಚಿಕೊಂಡಿರುವುದರಿಂದ ಬಿಸಿಲು ಒಳಗಿಳಿಯುವ ಹೊತ್ತೂ ಸೂರ್ಯ ತಗ್ಗುವ ಹೊತ್ತೂ ಹೊಂದುವುದು ಅಪರೂಪ. ಗುಂಡಿಯ ಬುಡದ ತುಂತುರಿನಲ್ಲಿ ಬಿಲ್ಲಿನ ತುಂಡೊಂದು ಸಿಕ್ಕಿದರೆ ಅದೇ ಲಾಭ. ಅದಕ್ಕಾಗಿ ಪಾಚಿ ಕಟ್ಟಿದ ಬಂಡೆಯ ಮೇಲೆ ಮುಂದಕ್ಕೆ ಸರಿಯಬೇಡಿ. ನೀವು ಸರಿದರೆ ಬಿಲ್ಲೂ ಸರಿಯುತ್ತದೆ. ಪೋಲರಾಯ್ಡ್ ಕನ್ನಡಕವಿದ್ದರೆ ತೆಗೆದು ನೋಡಿ, ಅದು ಬಿಲ್ಲನ್ನು ಪೂರ್ತಿ ಅಳಿಸಿಬಿಡಬಲ್ಲದು. ಕ್ಯಾಮೆರಾದ ಫಿಲ್ಟರಾದರೆ ನಿಧಾನ ತಿರುಗಿಸಿ, ಬಣ್ಣ ಗಾಢವಾದಲ್ಲಿ ನಿಲ್ಲಿಸಬೇಕು. ಜಾಂಬೆಜಿಯ ವಿಕ್ಟೋರಿಯಾ ಜಲಪಾತದಲ್ಲಿ ಹುಣ್ಣಿಮೆ ರಾತ್ರಿ ಚಂದ್ರನ ಬೆಳಕಿಗೂ ಬಿಲ್ಲು ಮೂಡುತ್ತದೆ, ಅದನ್ನು ನೋಡಲೆಂದೇ ಗೇಟು ತೆರೆದಿಡುತ್ತಾರೆ. ನಮ್ಮ ಕಾಡಿನಲ್ಲಿ ಅದನ್ನು ಹುಡುಕುವ ಸಾಹಸ ಬೇಡ. ಡಿಸೆಂಬರಿನಲ್ಲಿ ಎರಡಕ್ಕೆ ಗುಂಡಿಯ ಬಳಿ ಇದ್ದು, ನಾಲ್ಕೂವರೆಗೆ ದೇವಸ್ಥಾನದ ಬಳಿಗೆ ವಾಪಸಾದರೆ ಅರಂತೋಡಿಗೆ ಬೆಳಕಿರುವಾಗಲೇ ತಲುಪಬಹುದು. ಅಲ್ಲಿಂದ ಕಲ್ಲುಗುಂಡಿಗೆ ಮಡಿಕೇರಿ ಬಸ್ಸು ಹಿಡಿದರಾಯಿತು.