ಲಿಂಕನ್‌ಗೂ ಮೊದಲು ನಿಂತವನು

ಪ್ರಶ್ನೆ: ಗುಲಾಮಗಿರಿ ತೊಲಗಬೇಕೆಂದು ಲಿಂಕನ್‌ಗಿಂತ ಮೊದಲು ಯಾರಾದರೂ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಿದ್ದರೇ?

ಉತ್ತರ: ಜೇಮ್ಸ್ ಬರ್ನಿ ನಿಂತಿದ್ದ, ಅದೂ ಎರಡು ಸಲ. 1792ರಲ್ಲಿ ಕೆಂಟಕಿಯಲ್ಲಿ ಹುಟ್ಟಿದ ಈತ ಅಲಬಾಮದಲ್ಲಿ ಗುಲಾಮರನ್ನಿಟ್ಟುಕೊಂಡು ಹತ್ತಿ ಬೆಳೆಸಿದ ವಕೀಲ. ಮನಸ್ಸು ತಿರುಗಿದ ಮೇಲೆ, 1834ರಲ್ಲಿ, ತನ್ನ ಬಳಿ ಉಳಿದಿದ್ದ ಗುಲಾಮರನ್ನು ಬಿಡುಗಡೆ ಮಾಡಿದ. 1836ರಲ್ಲಿ ಸಿನ್ಸಿನಾಟಿಯಲ್ಲಿ ಗುಲಾಮಗಿರಿ ವಿರೋಧಿ ಪತ್ರಿಕೆ ನಡೆಸುತ್ತಿದ್ದಾಗ ಊರ ಗುಂಪೊಂದು ಅಚ್ಚುಕೂಟಕ್ಕೆ ನುಗ್ಗಿ, ಅಚ್ಚುಮೊಳೆಗಳನ್ನು ಬೀದಿಗೆ ಚೆಲ್ಲಿ, ಮುದ್ರಣಯಂತ್ರವನ್ನು ಎಳೆದೊಯ್ದು ಓಹಿಯೊ ನದಿಗೆ ಹಾಕಿತು.

1840ರಲ್ಲಿ ಹೊಸ ಲಿಬರ್ಟಿ ಪಕ್ಷ ಅವನನ್ನು ಅಭ್ಯರ್ಥಿ ಮಾಡಿತು. ಆ ವರ್ಷದ ಚುನಾವಣೆ ಎಂದರೆ ದೊಡ್ಡ ಜಾತ್ರೆ. ವಿಗ್ ಪಕ್ಷದ ಅಭ್ಯರ್ಥಿ ಹ್ಯಾರಿಸನ್ ಕಡೆಯವರು ಮರದ ದಿಮ್ಮಿಯ ಗುಡಿಸಲುಗಳನ್ನು ಬಂಡಿಗೇರಿಸಿ ಮೆರವಣಿಗೆ ಮಾಡಿದರು, ಸೇಬಿನ ಮದ್ಯ ಹಂಚಿದರು. ನಮ್ಮ ಅಭ್ಯರ್ಥಿಯೋ, ಲಂಡನ್ನಿನ ಗುಲಾಮಗಿರಿ ವಿರೋಧಿ ಸಮ್ಮೇಳನಕ್ಕೆಂದು ಹಡಗು ಹತ್ತಿದ್ದ! ಆಗ ಸರ್ಕಾರ ಮತಪತ್ರ ಅಚ್ಚು ಹಾಕಿಸುತ್ತಿರಲಿಲ್ಲ. ಪಕ್ಷಗಳೇ ಚೀಟಿ ಮಾಡಿಸಿ ಹಂಚಬೇಕಿತ್ತು. ಊರೂರಿಗೆ ಆಳಿಲ್ಲದ ಪಕ್ಷ ಏನು ತಾನೇ ಮಾಡೀತು? ಮತ ಹಾಕುವ ರಾಜಕೀಯವೇ ಬೇಡವೆಂದು ಗ್ಯಾರಿಸನ್‌ನಂಥ ವಿಮೋಚನಾವಾದಿಗಳೂ ದೂರ ನಿಂತರು. ಸುಮಾರು 24 ಲಕ್ಷ ಮತಗಳಲ್ಲಿ ಬರ್ನಿಗೆ ಬಂದದ್ದು ಏಳು ಸಾವಿರದಷ್ಟು.

1844ರ ಕಥೆ ಬೇರೆ. ಟೆಕ್ಸಾಸನ್ನು ಅಮೆರಿಕಕ್ಕೆ ಸೇರಿಸಿಕೊಳ್ಳಲೇಬೇಕೆಂದು ಡೆಮಾಕ್ರಟರ ಅಭ್ಯರ್ಥಿ ಪೋಕ್. ಬೇಡವೆಂದು ಶುರುಮಾಡಿ, ದಕ್ಷಿಣದವರನ್ನು ಓಲೈಸಲು ಮಾತು ಸಡಿಲಿಸಿದ ವಿಗ್ ಅಭ್ಯರ್ಥಿ ಹೆನ್ರಿ ಕ್ಲೇ. ನ್ಯೂಯಾರ್ಕ್ ರಾಜ್ಯದಲ್ಲಿ ಕ್ಲೇ ಸೋತದ್ದು ಐದು ಸಾವಿರ ಚಿಲ್ಲರೆ ಮತಗಳಿಂದ. ಅಲ್ಲಿ ಬರ್ನಿಗೆ ಸಿಕ್ಕಿದ್ದು ಹದಿನೈದು ಸಾವಿರಕ್ಕೂ ಹೆಚ್ಚು. ಆ ರಾಜ್ಯದ 36 ಎಲೆಕ್ಟೋರಲ್ ಮತಗಳು ಬಂದಿದ್ದರೆ ಕ್ಲೇ ಅಧ್ಯಕ್ಷನಾಗುತ್ತಿದ್ದ. ಗೆದ್ದದ್ದು ಪೋಕ್. 1845ರ ಕೊನೆಗೆ ಟೆಕ್ಸಾಸ್ ಗುಲಾಮಗಿರಿಯ ರಾಜ್ಯವಾಗಿ ಒಕ್ಕೂಟ ಸೇರಿತು, ಮರುವರ್ಷ ಮೆಕ್ಸಿಕೊ ಜೊತೆ ಯುದ್ಧ.

ಬರ್ನಿ ಮತ ಒಡೆದ ಎಂದು ವಿಗ್ ಪಕ್ಷದವರು ಶಪಿಸಿದರು. ನೀವು ಹೆಸರಿಸಿದ ಲಿಂಕನ್ನೂ ಆಗ ವಿಗ್. ಲಿಬರ್ಟಿ ಪಕ್ಷದ ಒಬ್ಬನಿಗೆ 1845ರಲ್ಲಿ ಬರೆದ ಪತ್ರದಲ್ಲಿ ಅವನೂ ಇದೇ ದೂರು ಹೇಳಿದ್ದಾನೆ. ನನಗೇನೋ ಇದು ಪೂರ್ತಿ ನ್ಯಾಯ ಅನ್ನಿಸುವುದಿಲ್ಲ. ಕ್ಲೇ ಸ್ವತಃ ಗುಲಾಮರ ಒಡೆಯ. ಗುಲಾಮಗಿರಿ ವಿರೋಧಿಗಳ ಮತಗಳೇನು ಅವನ ಪಿತ್ರಾರ್ಜಿತ ಆಸ್ತಿಯೇ? ಆದರೆ ಬರ್ನಿಯೂ ಅನುಮಾನಕ್ಕೆ ಎಡೆಮಾಡಿಕೊಟ್ಟಿದ್ದ. ಅದೇ ಚುನಾವಣೆಯ ಹೊತ್ತಿಗೆ ಮಿಶಿಗನ್ನಿನಲ್ಲಿ ಪೋಕ್‌ನ ಡೆಮಾಕ್ರಟರು ಶಾಸನಸಭೆಗೆ ಅವನ ಹೆಸರು ಸೂಚಿಸಿದ್ದರು, ಇವನು ಬೇಡವೆನ್ನಲಿಲ್ಲ.

1845ರಲ್ಲಿ ಕುದುರೆಯಿಂದ ಬಿದ್ದು ಪಾರ್ಶ್ವವಾಯು ತಗುಲಿ ಬರ್ನಿಯ ರಾಜಕೀಯ ಮುಗಿಯಿತು. 1848ರಲ್ಲಿ ಲಿಬರ್ಟಿ ಪಕ್ಷದ ಬಹುಪಾಲು, ಗುಲಾಮಗಿರಿ ಹರಡುವುದನ್ನು ವಿರೋಧಿಸಿದ ಫ್ರೀ ಸಾಯಿಲ್ ಪಕ್ಷದಲ್ಲಿ ಕರಗಿತು. ಅದನ್ನು ಕಟ್ಟಿದವರಲ್ಲಿ ಸಾಲ್ಮನ್ ಚೇಸ್ ಒಬ್ಬ. 1836ರಲ್ಲಿ ಬರ್ನಿಯನ್ನು ಹುಡುಕಿಕೊಂಡು ಗುಂಪು ಹೋಟೆಲಿಗೆ ಬಂದಾಗ ಬಾಗಿಲಿಗೆ ಅಡ್ಡ ನಿಂತ ಯುವ ವಕೀಲ ಈತನೇ. 1861ರಲ್ಲಿ ಲಿಂಕನ್ ಇವನನ್ನು ತನ್ನ ಹಣಕಾಸು ಸಚಿವನನ್ನಾಗಿ ಮಾಡಿಕೊಂಡ.